ಪದ ಪರಿಚಯ: ಸ್ಯಾಂಕ್ಚುರಿ

ಸ್ಯಾಂಕ್ಚುರಿ ಅಂದರೆ ನಮಗೆ ಮೊದಲು ನೆನಪಾಗುವುದು ರಂಗನತಿಟ್ಟು. ಬೇಟೆಗಾರ ಕಾಲಿಡುವಂತಿಲ್ಲದ ಜಾಗ. ಹಾಗಾಗಿ ಅಮೆರಿಕದ ಸುದ್ದಿಯಲ್ಲಿ ‘ಸ್ಯಾಂಕ್ಚುರಿ ಸಿಟಿ’ ಅಂತ ಕೇಳಿದಾಗ, ವಲಸೆ ಇಲಾಖೆಯವರು ಬರಲೇ ಆಗದ ಊರು ಅಂದುಕೊಳ್ಳುವವರು ಜಾಸ್ತಿ. ಅದು ತಪ್ಪು ತಿಳಿವಳಿಕೆ. ಕಾಗದಪತ್ರ ಸರಿಯಿಲ್ಲದೆ ಬದುಕುತ್ತಿರುವವರು ಇದನ್ನು ನಂಬಿದರೆ ದೊಡ್ಡ ತೊಂದರೆಗೆ ಸಿಕ್ಕಿಬೀಳುತ್ತಾರೆ. ಅದಕ್ಕೇ ಈ ಪದವನ್ನು ಸ್ವಲ್ಪ ಬಿಡಿಸಿ ನೋಡಬೇಕು ಅನ್ನಿಸಿತು.

ಮೊರೆ ಹೊಕ್ಕವರನ್ನು ಕಾಯಬೇಕು ಅನ್ನುವ ಮಾತು ನಮಗೆ ಹೊಸದಲ್ಲ. ನಮ್ಮ ಶಾಸನಗಳಲ್ಲಿ ‘ಶರಣಾಗತ ವಜ್ರಪಂಜರ’ ಅನ್ನುವ ಬಿರುದೇ ಇದೆ. ಯುರೋಪಿನಲ್ಲಿ ಆ ಕೆಲಸ ಚರ್ಚಿನದಾಗಿತ್ತು. ಓಡಿ ಬಂದವನು ಚರ್ಚಿನೊಳಗೆ ಸೇರಿಕೊಂಡರೆ ಅವನನ್ನು ಅಲ್ಲಿಂದ ಎಳೆದೊಯ್ಯುವಂತಿರಲಿಲ್ಲ. ಆ ಹಳೆಯ ರೂಢಿಗೆ ಅಮೆರಿಕದಲ್ಲಿ ಹೊಸ ಜೀವ ಬಂದದ್ದು ಅರಿಜೋನಾದ ಟೂಸಾನ್ ಊರಿನಲ್ಲಿ.

1980ರ ದಶಕದ ಶುರು ಅದು. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ಮತ್ತು ಗ್ವಾಟೆಮಾಲಾದಲ್ಲಿ ಆಗ ಅಂತರ್ಯುದ್ಧ. ಜೀವ ಉಳಿಸಿಕೊಳ್ಳಲು ಜನ ಮೆಕ್ಸಿಕೊ ದಾಟಿ, ಮರುಭೂಮಿ ನಡೆದು ಬರುತ್ತಿದ್ದರು. ಆದರೆ ಎಲ್ ಸಾಲ್ವಡಾರ್ ಸರ್ಕಾರಕ್ಕೆ ಬೆಂಬಲ ಕೊಡುತ್ತಿದ್ದದ್ದು ಅಮೆರಿಕವೇ. ಅಲ್ಲಿಂದ ಬಂದವರು ನಿರಾಶ್ರಿತರು ಅಂತ ಒಪ್ಪಿದರೆ ತನ್ನ ತಪ್ಪನ್ನೇ ಒಪ್ಪಿದಂತೆ ಅಲ್ವಾ? 1984ರಲ್ಲಿ ಈ ಎರಡು ದೇಶದವರು ಹಾಕಿದ ಆಶ್ರಯದ ಅರ್ಜಿಗಳಲ್ಲಿ ಒಪ್ಪಿಗೆ ಸಿಕ್ಕಿದ್ದು ನೂರಕ್ಕೆ ಮೂರಕ್ಕಿಂತ ಕಡಿಮೆ.

1981ರಲ್ಲಿ ಟೂಸಾನ್‌ನ ಜಿಮ್ ಕಾರ್ಬೆಟ್ ಅನ್ನುವವರಿಗೆ (ಹುಲಿ ಬೇಟೆಯ ಕಾರ್ಬೆಟ್ ಅಲ್ಲ, ಅದೇ ಹೆಸರಿನ ಬೇರೆಯವರು) ಒಂದು ಸುದ್ದಿ ಗೊತ್ತಾಯಿತು. ಅವರ ಪರಿಚಯದವರೊಬ್ಬರು ದಾರಿಯಲ್ಲಿ ಕಾರು ಹತ್ತಿಸಿಕೊಂಡಿದ್ದ ಎಲ್ ಸಾಲ್ವಡಾರ್‌ನ ಒಬ್ಬ ಯುವಕನನ್ನು ಗಡಿ ಪೊಲೀಸರು ಹಿಡಿದುಕೊಂಡು ಹೋಗಿದ್ದರು. ಅವನು ಏನಾದ ಅಂತ ಹುಡುಕಿಕೊಂಡು ಹೋದ ಕಾರ್ಬೆಟ್, ಆಮೇಲೆ ಸುಮ್ನೆ ಕೂರಲಿಲ್ಲ. ಗಡಿ ದಾಟಿ ಬಂದವರಿಗೆ ದಾರಿ ತೋರಿಸಿದರು, ಉಳಿಯಲು ಮನೆ ಹುಡುಕಿದರು. ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚಿನ ಪಾದ್ರಿ ಜಾನ್ ಫೈಫ್ ಕೈಜೋಡಿಸಿದರು. ಸ್ವಲ್ಪ ಕಾಲ ಇದು ಗುಟ್ಟಾಗಿ ನಡೆಯಿತು. 1982ರ ಮಾರ್ಚ್ 24ರಂದು ಆ ಚರ್ಚು ಎಲ್ಲರ ಮುಂದೆ ಹೇಳಿಬಿಟ್ಟಿತು: ನಾವು ಸ್ಯಾಂಕ್ಚುರಿ, ಮಧ್ಯ ಅಮೆರಿಕದಿಂದ ಬಂದವರಿಗೆ ಇಲ್ಲಿ ಆಶ್ರಯವಿದೆ. ಆ ದಿನವನ್ನು ಬೇಕೆಂದೇ ಆರಿಸಿದ್ದರು. ಎರಡು ವರ್ಷದ ಹಿಂದೆ ಅದೇ ದಿನ ಎಲ್ ಸಾಲ್ವಡಾರ್‌ನ ಆರ್ಚ್‌ಬಿಷಪ್ ಆಸ್ಕರ್ ರೊಮೇರೊ ಅವರನ್ನು ಪೂಜೆ ಮಾಡುತ್ತಿರುವಾಗಲೇ ಗುಂಡಿಟ್ಟು ಕೊಂದಿದ್ದರು.

ನೋಡನೋಡುತ್ತ ಚರ್ಚು, ಯಹೂದಿಗಳ ಸಿನಗಾಗ್‌ಗಳು ಸೇರಿ ಇನ್ನೂ ನೂರಾರು ಪ್ರಾರ್ಥನಾ ಮಂದಿರಗಳು ಇದೇ ಮಾತು ಹೇಳಿದವು. ಸರ್ಕಾರ ಒಳಗೆ ಗೂಢಚಾರರನ್ನು ಬಿಟ್ಟು ಮಾತುಕತೆ ರೆಕಾರ್ಡ್ ಮಾಡಿಸಿತು. 1985ರಲ್ಲಿ 16 ಜನರ ಮೇಲೆ ಕೇಸು ಬಿತ್ತು. ಮರುವರ್ಷ ಫೈಫ್ ಸೇರಿ ಎಂಟು ಜನ ತಪ್ಪಿತಸ್ಥರು ಅಂತ ತೀರ್ಪಾಯಿತು, ಆದರೆ ಯಾರೂ ಜೈಲಿಗೆ ಹೋಗಲಿಲ್ಲ. ಇನ್ನೊಂದು ಕಡೆ ಚರ್ಚುಗಳೇ ಸರ್ಕಾರದ ಮೇಲೆ ಕೇಸು ಹಾಕಿದ್ದವು. 1991ರಲ್ಲಿ ಅದು ರಾಜಿಯಾಗಿ, ಈ ಎರಡು ದೇಶದವರ ಅರ್ಜಿಗಳನ್ನು ಮತ್ತೆ ಹೊಸದಾಗಿ ನೋಡುತ್ತೇವೆ ಅಂತ ಸರ್ಕಾರ ಒಪ್ಪಿತು. ನನಗೆ ಈ ಕತೆಯಲ್ಲಿ ತುಂಬ ಹಿಡಿಸುವುದು ಅದು ಶುರುವಾದ ರೀತಿ. ದೊಡ್ಡ ಸಂಘಟನೆ ಇರಲಿಲ್ಲ, ದುಡ್ಡಿರಲಿಲ್ಲ. ಕಾಣೆಯಾದ ಒಬ್ಬನನ್ನು ಹುಡುಕಿಕೊಂಡು ಹೋದದ್ದೇ ಮೊದಲ ಹೆಜ್ಜೆ.

ಊರುಗಳ ವಿಷಯ ಬೇರೆ. ಲಾಸ್ ಏಂಜಲೀಸ್ ಪೊಲೀಸರಿಗೆ 1979ರಲ್ಲೇ ಒಂದು ಆದೇಶ ಬಂದಿತ್ತು: ವಲಸೆ ಕಾಗದ ಇದೆಯೋ ಇಲ್ಲವೋ ಅಂತ ತಿಳಿಯುವುದಕ್ಕಾಗಿಯೇ ಯಾರನ್ನೂ ತಡೆದು ವಿಚಾರಿಸಬೇಡಿ. ಕಾರಣ ಸರಳ. ಮನೆಗೆ ಕಳ್ಳ ನುಗ್ಗಿದರೂ, ಗಂಡ ಹೊಡೆದರೂ ಪೊಲೀಸರ ಹತ್ತಿರ ಹೋಗಲು ಜನ ಹೆದರಿದರೆ ಊರಿಗೇ ಕಷ್ಟ. ಸ್ಯಾನ್ ಫ್ರಾನ್ಸಿಸ್ಕೊ 1989ರಲ್ಲಿ ಇದನ್ನು ಸ್ಥಳೀಯ ಕಾನೂನನ್ನೇ ಮಾಡಿತು. ಕ್ಯಾಲಿಫೋರ್ನಿಯಾ ಇಡೀ ರಾಜ್ಯಕ್ಕೆ ಅನ್ವಯಿಸುವಂಥ ಕಾನೂನು 2018ರ ಜನವರಿಯಿಂದ ಜಾರಿಯಲ್ಲಿದೆ. ಸನಿವೇಲ್, ಕುಪರ್ಟಿನೊ, ಸ್ಯಾನ್ ಹೋಸೆಯಲ್ಲಿರುವ ನಮ್ಮ ಕನ್ನಡದವರು ಇಂಥದ್ದೇ ನೀತಿ ಇರುವ ಸಾಂಟಾ ಕ್ಲಾರಾ ಕೌಂಟಿಯಲ್ಲೇ ಇದ್ದಾರೆ. ಎಚ್-1ಬಿ ವೀಸಾದಲ್ಲಿರುವವರಿಗೆ ಇದು ನಮಗೆ ಸಂಬಂಧಪಡದ ವಿಷಯ ಅನ್ನಿಸಬಹುದು. ಆದರೆ ಕಾಗದಪತ್ರ ಸರಿಯಿಲ್ಲ ಅಂತ ಗಡೀಪಾರು ಮಾಡಿ, 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ ಅಮೃತಸರದಲ್ಲಿ ಇಳಿಸಿದ 104 ಜನರೂ ಭಾರತದವರೇ.

ಹಾಗಾದರೆ ಸ್ಯಾಂಕ್ಚುರಿ ಸಿಟಿ ಅಂದರೆ ಏನು? ವಲಸೆ ಕಾನೂನು ಕೇಂದ್ರ ಸರ್ಕಾರದ ಕೆಲಸ, ಅದಕ್ಕೆ ನಮ್ಮ ಪೊಲೀಸರು, ನಮ್ಮ ಜೈಲು, ನಮ್ಮ ದುಡ್ಡು ಕೊಡುವುದಿಲ್ಲ ಅಂತ ಊರು ಹೇಳುವುದು, ಅಷ್ಟೇ. ಎಷ್ಟರ ಮಟ್ಟಿಗೆ ಅನ್ನುವುದು ಊರಿಂದ ಊರಿಗೆ ಬೇರೆ. ವಲಸೆ ಇಲಾಖೆಯ ‘ಐಸ್’ (ICE) ಅನ್ನುವ ವಿಭಾಗದ ಅಧಿಕಾರಿಗಳು ಇಂಥ ಊರುಗಳಿಗೂ ಬರುತ್ತಾರೆ, ಜನರನ್ನು ಹಿಡಿಯುತ್ತಾರೆ. ಚರ್ಚಿನ ಗೋಡೆಗೂ ಕಾನೂನಿನ ಕಾವಲಿಲ್ಲ. ಚರ್ಚು, ಶಾಲೆ, ಆಸ್ಪತ್ರೆಗಳಲ್ಲಿ ಬಂಧನ ಬೇಡ ಅನ್ನುವ 2011ರ ಸೂಚನೆಯ ಧೋರಣೆಯನ್ನು 2025ರ ಜನವರಿಯಲ್ಲಿ ಕೈಬಿಟ್ಟರು. ಎಲ್ವಿರಾ ಅರೆಯಾನೊ ಅನ್ನುವ ತಾಯಿ 2006ರಲ್ಲಿ ಮಗನ ಜೊತೆ ಶಿಕಾಗೊದ ಒಂದು ಚರ್ಚು ಸೇರಿ, ಒಂದು ವರ್ಷ ಅಲ್ಲೇ ಇದ್ದರು. ಹೊರಗೆ ಬಂದು ಲಾಸ್ ಏಂಜಲೀಸ್‌ಗೆ ಹೋದಾಗ ಅವರನ್ನು ಬಂಧಿಸಿ ಮೆಕ್ಸಿಕೊಗೆ ಕಳಿಸಿದರು.

ಅಂದರೆ ಊರಿನ ಕಾನೂನು ಅರ್ಧ ದಾರಿ. ಉಳಿದ ಅರ್ಧವನ್ನು ಅಕ್ಕಪಕ್ಕದ ಜನರೇ ನಡೆಯಬೇಕು. ಸ್ಯಾಂಕ್ಚುರಿಯ ನಿಜವಾದ ಅರ್ಥ ನನಗೆ ಕಾಣುವುದು ಅಲ್ಲೇ. ಕ್ಯಾಲಿಫೋರ್ನಿಯಾದ ಒಂದು ವಕೀಲರ ಸಂಸ್ಥೆ ರೂಪಿಸಿದ ‘ರೆಡ್ ಕಾರ್ಡ್’ ಅಂತ ಒಂದಿದೆ. ಜೇಬಿನಲ್ಲಿ ಹಿಡಿಯುವ ಕೆಂಪು ಚೀಟಿ. ಒಂದು ಬದಿಯಲ್ಲಿ ಅವರವರ ಭಾಷೆಯಲ್ಲಿ ಹಕ್ಕುಗಳು. ಇನ್ನೊಂದು ಬದಿಯಲ್ಲಿ ಅಧಿಕಾರಿಗೆ ತೋರಿಸಲು ಇಂಗ್ಲಿಷ್ ಮಾತು: ನಾನು ಮಾತನಾಡುವುದಿಲ್ಲ, ನ್ಯಾಯಾಧೀಶರು ಸಹಿ ಹಾಕಿದ ವಾರಂಟ್ ಇಲ್ಲದೆ ಮನೆಯೊಳಗೆ ಬರಲು ನನ್ನ ಒಪ್ಪಿಗೆ ಇಲ್ಲ. ವಲಸೆ ಅಧಿಕಾರಿಗಳು ತರುವ ಕಾಗದಕ್ಕೆ ಬಹಳ ಸಲ ಸಹಿ ಹಾಕಿರುವವರು ಅವರದೇ ಇಲಾಖೆಯವರು, ನ್ಯಾಯಾಧೀಶರಲ್ಲ. ಈ ವ್ಯತ್ಯಾಸವನ್ನು ಹೋಟೆಲ್ ಅಡುಗೆಮನೆಯಲ್ಲಿ, ಕಟ್ಟಡ ಕೆಲಸದಲ್ಲಿ ದುಡಿಯುವವರಿಗೆ ಕೂತು ಬಿಡಿಸಿ ಹೇಳುವ ಕೆಲಸವಿದೆಯಲ್ಲ, ಅದೇ ತಳಮಟ್ಟದ ಸಂಘಟನೆ. ತಂದೆತಾಯಿ ಒಂದು ದಿನ ಮನೆಗೆ ಬರದೇ ಹೋದರೆ ಮಗುವನ್ನು ಶಾಲೆಯಿಂದ ಯಾರು ಕರೆತರಬೇಕು ಅಂತ ಮೊದಲೇ ಬರೆದಿಡಿಸುವುದೂ ಅದೇ.

ವಲಸೆ ಕೋರ್ಟಿನಲ್ಲಿ ಸರ್ಕಾರವೇ ವಕೀಲರನ್ನು ಕೊಡಬೇಕು ಅನ್ನುವ ಹಕ್ಕಿಲ್ಲ. ಮಕ್ಕಳಿಗೂ ಇಲ್ಲ. ದುಡ್ಡಿಲ್ಲದವರು ಒಬ್ಬರೇ ನಿಲ್ಲಬೇಕು. ನ್ಯೂಯಾರ್ಕಿನ ವಲಸಿಗರ ಸಂಘಗಳು ಹೋರಾಡಿ, ಬಂಧನದಲ್ಲಿರುವವರಿಗೆ ನಗರದ ಖರ್ಚಿನಲ್ಲಿ ವಕೀಲರು ಸಿಗುವ ಏರ್ಪಾಟನ್ನು 2013ರಲ್ಲಿ ಶುರು ಮಾಡಿಸಿದವು. ಮೊದಲು ಸಣ್ಣ ಪ್ರಮಾಣದಲ್ಲಿ, ಆಮೇಲೆ ದೊಡ್ಡದಾಗಿ.

ಈ ಕೆಲಸಕ್ಕೆ ಸೇರಬೇಕು ಅನ್ನಿಸಿದವರಿಗೆ ಸಾಮಾನ್ಯವಾಗಿ ಮೊದಲು ಸಿಗುವ ಜವಾಬ್ದಾರಿ ‘ಅಕಂಪನಿಮೆಂಟ್’, ಅಂದರೆ ಜೊತೆಗೆ ಹೋಗುವುದು. ಕೇಸು ನಡೆಯುತ್ತಿರುವವರು ಆಗಾಗ ವಲಸೆ ಕಚೇರಿಗೆ ಹೋಗಿ ಹಾಜರಿ ಹಾಕಬೇಕು. ಒಳಗೆ ಹೋದವರು ಹೊರಗೆ ಬರುತ್ತಾರೆ ಅನ್ನುವ ಖಾತ್ರಿ ಇಲ್ಲ. ಜೊತೆಗೆ ಹೋದವರು ವಾದ ಮಾಡುವಂತಿಲ್ಲ, ವಕೀಲರ ಹಾಗೆ ಸಲಹೆ ಕೊಡುವಂತಿಲ್ಲ. ಹೊರಟಾಗ ಮಾತನಾಡಿಸುತ್ತಾರೆ, ಬಿಟ್ಟರೆ ಕೋಣೆಯಲ್ಲಿ ಪಕ್ಕ ಕೂರುತ್ತಾರೆ. ಬಿಡದಿದ್ದರೆ ಹೊರಗೆ ಕಾಯುತ್ತಾರೆ, ಒಂದು ಕೈಯಲ್ಲಿ ವಕೀಲರ ನಂಬರ್, ಇನ್ನೊಂದರಲ್ಲಿ ಒಳಗೆ ಹೋದವರ ಮನೆಯ ಕೀಲಿ ಹಿಡಿದುಕೊಂಡು.