ತಿರುಗಿಸಿದಾಗ ಮಾತ್ರ ಟಕ್ ಟಕ್

ಉಣಕಲ್ ಕ್ರಾಸ್‌ನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಸಾಕು, ನಮ್ಮ ಹಳೆ ಕಾರಿನ ಮುಂದಿನ ಗಾಲಿಯಿಂದ 'ಟಕ್ ಟಕ್ ಟಕ್'. ನೇರ ಹೋದರೆ ಸದ್ದೇ ಇಲ್ಲ. ಎಂಜಿನ್ನಿನ ಬಲವನ್ನು ಗಾಲಿಗೆ ಮುಟ್ಟಿಸುವ ಶಾಫ್ಟ್, ಅಂದ್ರೆ ಆಕ್ಸಲ್, ಹೋಗಿತ್ತು.

ಇಂಥ ಕಾರಿನ ಮುಂದಿನ ಗಾಲಿ ಎಂಜಿನ್ನಿನ ಬಲದಿಂದ ಉರುಳಬೇಕು, ಜೊತೆಗೆ ಎಡಬಲ ಹೊರಳಲೂ ಬೇಕು. ಲಾರಿಯ ಕೆಳಗೆ ಎರಡು ಶಾಫ್ಟ್‌ಗಳನ್ನು ಕೂಡಿಸುವ ಕೀಲು ಕಾಣುತ್ತದಲ್ವಾ, ಆ ಕ್ರಾಸ್ ಜಾಯಿಂಟ್ ಒಂದನ್ನೇ ಇಲ್ಲಿ ಹಾಕಿದರೆ ನಡೆಯಲ್ಲ. ಅದು 30 ಡಿಗ್ರಿ ಬಾಗಿದಾಗ, ಒಳಗಿನ ಶಾಫ್ಟ್ ನಿಮಿಷಕ್ಕೆ 100 ಸುತ್ತಿನ ವೇಗದಲ್ಲಿ ಸಮನಾಗಿ ತಿರುಗಿದರೂ ಹೊರಗಿನದರ ವೇಗ ಪ್ರತಿ ಸುತ್ತಿಗೆ ಎರಡು ಸಲ 87ಕ್ಕೆ ಇಳಿದು 115ಕ್ಕೆ ಏರುತ್ತದೆ. ಗಾಲಿ ಜಗ್ಗಾಡುತ್ತದೆ.

1920ರ ದಶಕದಲ್ಲಿ ಫೋರ್ಡ್ ಎಂಜಿನಿಯರ್ ಆಲ್ಫ್ರೆಡ್ ಝೆಪ್ಪಾ ಇದಕ್ಕೊಂದು ಚಂದದ ದಾರಿ ಕಂಡುಕೊಂಡ. ಆಕ್ಸಲ್ಲಿನ ಗಾಲಿ ಕಡೆಯ ತುದಿಯಲ್ಲಿ ಕೂರುವ ಈ ಜಾಯಿಂಟಿನಲ್ಲಿ ಉಕ್ಕಿನ ಒಂದು ಬಟ್ಟಲು, ಒಳಗೆ ಆರು ತೋಡು, ಅವುಗಳಲ್ಲಿ ಆರು ಗುಂಡು. ಶಾಫ್ಟ್ ಎಷ್ಟೇ ಬಾಗಲಿ, ಗುಂಡುಗಳು ಆ ಕೋನವನ್ನು ಸರಿಯಾಗಿ ಅರ್ಧ ಮಾಡುವ ಜಾಗದಲ್ಲೇ ನಿಲ್ಲುತ್ತವೆ. ಎರಡೂ ಕಡೆಗೂ ಸಮ, ಹಾಗಾಗಿ ವೇಗವೂ ಸಮ. ನೇರ ಹೋಗುವಾಗ ಗುಂಡುಗಳು ಇದ್ದಲ್ಲೇ ಇರುತ್ತವೆ. ತಿರುವಿನಲ್ಲಿ ಪ್ರತಿ ಸುತ್ತಿಗೂ ತೋಡಿನೊಳಗೆ ಹಿಂದೆ ಮುಂದೆ ಓಡುತ್ತವೆ. ಸವೆದ ಗುಳಿಯ ಅಂಚು ಹತ್ತಿ ಇಳಿದಾಗೆಲ್ಲ ಟಕ್.

ಆಕ್ಸಲ್ ಬಿಚ್ಚಲು ಧಾರವಾಡದ ಮನೆಯಂಗಳದಲ್ಲಿ ಜಾಕ್ ಇಟ್ಟುಕೊಂಡು ಕೂತೆ. ಪಕ್ಕದ ಮನೆಯ ಮಿಸ್ತ್ರಿ ಕಾಕಾ ಕಾಂಪೌಂಡ್ ಆಚೆಯಿಂದಲೇ ಕೂಗಿದರು: "ಗಾಲಿ ನೆಲದ ಮ್ಯಾಲಿದ್ದಾಗನ ನಟ್ ಸಡ್ಲ ಮಾಡ್ಕೋ ತಮ್ಮಾ, ಆಮ್ಯಾಲೆ ಜಾಕ್ ಹಚ್ಚು!"

ಲೆಕ್ಕ ಸರಿ. ಗಾಲಿಯ ನಟ್ಟನಡುವೆ ಆಕ್ಸಲ್ಲಿನ ತುದಿಯನ್ನು ಹಿಡಿದಿರುವ ಆ ನಟ್ಟಿನ ಬಿಗಿ ಹಲವು ಕಾರುಗಳಲ್ಲಿ 200 ನ್ಯೂಟನ್ ಮೀಟರ್ ಆಸುಪಾಸು. ಅಂದ್ರೆ ಒಂದು ಮೀಟರ್ ಉದ್ದದ ಪೈಪಿನ ತುದಿಗೆ 20 ಕಿಲೋ ಜೋತು ಹಾಕಿದಷ್ಟು. ಗಾಲಿ ಮೇಲೆದ್ದಿದ್ದಾಗ ಅಷ್ಟು ಬಲ ಹಾಕಿದರೆ ಗಾಲಿಯೇ ತಿರುಗುತ್ತದೆ, ಇಲ್ಲವೇ ಕಾರು ಜಾಕಿನಿಂದ ಜಾರುತ್ತದೆ. ಎತ್ತಿದ ಮೇಲೂ ಬರೀ ಜಾಕ್ ನಂಬಬೇಡಿ, ಗಟ್ಟಿ ಸ್ಟ್ಯಾಂಡ್ ಬೇಕೇ ಬೇಕು. ಆಕ್ಸಲ್ಲಿನ ಒಳತುದಿ ಕಿತ್ತಾಗ ಗೇರ್ ಆಯಿಲ್ ಸುರಿಯುತ್ತದೆ, ಕೆಳಗೆ ಬೋಗುಣಿ ಇಡಿ. ನನಗದು ನೆನಪಾಗಿದ್ದು ಅಂಗಿ ತೋಯ್ದ ಮೇಲೆ!

ಉಕ್ಕನ್ನು ತಿಂದದ್ದು ಮಾತ್ರ ರಬ್ಬರಿನ ಒಂದು ಸೀಳು. ಜಾಯಿಂಟಿನ ಮೇಲೆ ಹಾರ್ಮೋನಿಯಂ ತಿದಿಯಂಥ ಮಡಿಕೆಗಳ ಬೂಟ್ ಇರುತ್ತದಲ್ವಾ, ಅದು ಹರಿದಿತ್ತು. ಗಾಲಿ ತಿರುಗುವ ರಭಸಕ್ಕೆ ಗ್ರೀಸು ಹೊರಗೆ ಸಿಡಿದಿತ್ತು, ನವಲಗುಂದದ ಕಡೆಯ ಎರೆಮಣ್ಣಿನ ರಾಡಿ ಒಳಗೆ ಸೇರಿತ್ತು. ಉಳಿದ ಗ್ರೀಸನ್ನು ಬೆರಳಲ್ಲಿ ತಿಕ್ಕಿದರೆ ಕರಕರ ಅಂತಿತ್ತು.

ಹಳೆ ಜಾಯಿಂಟನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ತೋಡಿನ ಉದ್ದಕ್ಕೂ ಉಗುರು ಎಳೆದರೆ ನುಣ್ಣಗೆ ಜಾರುತ್ತದೆ, ನಟ್ಟನಡುವೆ ಮಾತ್ರ ಗುಳಿಗೆ ಸಿಕ್ಕಿಕೊಳ್ಳುತ್ತದೆ. ನೇರ ರಸ್ತೆಯಲ್ಲಿ ಓಡಿದಷ್ಟೂ ಹೊತ್ತು ಗುಂಡು ಕೂತಿದ್ದ ಜಾಗ ಅದೇ.