ಪೀಪಾಯಿ ಕಾಣದ ವೈನಿನಲ್ಲಿ ಟೋಸ್ಟಿನ ಘಮ

ಕಾಫಿಯ ರುಚಿ ನೋಡುವುದು ನನ್ನ ವೃತ್ತಿ. ವೈನ್ ಅದರ ಬೆನ್ನಿಗೇ ಬಂದ ಕೆಲಸ. ಮಡಿಕೇರಿಯಲ್ಲಿ ಹೋಂಸ್ಟೇ ನಡೆಸುವವರಿಗೆ ರುಚಿ ಪರೀಕ್ಷೆಯ ತರಗತಿ ತೆಗೆದುಕೊಳ್ಳುವಾಗ, ಹತ್ತು ವರ್ಷ ದಾಟಿದ ಒಂದು ಬಿಳಿ ವೈನನ್ನು ಲೇಬಲ್ ಮರೆಮಾಡಿ ಬಡಿಸುತ್ತೇನೆ. ಬೆಣ್ಣೆ ಸವರಿದ ಟೋಸ್ಟ್, ಜೇನು, ಹುರಿದ ಬೀಜಗಳ ಘಮ ಮೂಗಿಗೆ ತಾಗುತ್ತಲೇ ಹೆಚ್ಚಿನವರು ಇದನ್ನು ಓಕ್ ಮರದ ಪೀಪಾಯಿಯಲ್ಲಿ ಇಟ್ಟಿರಬೇಕು ಎನ್ನುತ್ತಾರೆ. ಅದು ಆಸ್ಟ್ರೇಲಿಯಾದ ಹಂಟರ್ ವ್ಯಾಲಿಯಲ್ಲಿ ಸೆಮಿಯಾನ್ ಎಂಬ ಬಿಳಿ ದ್ರಾಕ್ಷಿಯಿಂದ ಮಾಡಿದ ವೈನ್. ಸ್ಟೀಲ್ ಟ್ಯಾಂಕಿನಲ್ಲಿ ಹುದುಗಿ, ಕೆಲವೇ ತಿಂಗಳಲ್ಲಿ ಬಾಟಲಿ ಸೇರಿದ ಈ ವೈನಿಗೆ ಮರದ ಸೋಂಕೇ ಇಲ್ಲ. ಆ ಘಮವೆಲ್ಲ ಬಾಟಲಿಯೊಳಗೆ ವರ್ಷಗಟ್ಟಲೆ ನಿಧಾನವಾಗಿ ಹುಟ್ಟಿದ್ದು.

ಇದರ ಮೂಲ ಆ ಊರಿನ ಮಳೆಯಲ್ಲಿದೆ. ಸಿಡ್ನಿಯ ಉತ್ತರಕ್ಕೆ ಸುಮಾರು ಎರಡು ಗಂಟೆಯ ದಾರಿಯಲ್ಲಿರುವ ಹಂಟರ್, ಒಳ್ಳೆಯ ವೈನಿಗೆ ಪುಸ್ತಕಗಳು ಹೇಳುವ ತಂಪು, ಒಣ ಪ್ರದೇಶವಲ್ಲ. ಅಲ್ಲಿನ ಬೇಸಿಗೆ ಬಿಸಿ, ತೇವ. ಮಧ್ಯಾಹ್ನದ ಮೋಡ ಮತ್ತು ಕಡಲ ಗಾಳಿ ಧಗೆಯನ್ನು ಸ್ವಲ್ಪ ತಗ್ಗಿಸುತ್ತವೆಯಾದರೂ, ಹಣ್ಣು ಮಾಗುವ ಹೊತ್ತಿಗೇ ಮಳೆ ಸುರಿಯುವ ಭಯ ಇದ್ದೇ ಇರುತ್ತದೆ. ಜನವರಿಯಲ್ಲಿ ಕಣದ ತುಂಬ ಕಾಫಿ ಹರವಿ ಆಕಾಶ ನೋಡುತ್ತ ನಿಲ್ಲುವ ನಮ್ಮ ಬೆಳೆಗಾರರಿಗೆ ಈ ಆತಂಕವನ್ನು ವಿವರಿಸಬೇಕಾಗಿಲ್ಲ. ಹಂಟರಿನವರು ಅದೇ ಜನವರಿ, ಫೆಬ್ರವರಿಯಲ್ಲಿ, ದ್ರಾಕ್ಷಿಯಲ್ಲಿ ಸಕ್ಕರೆ ಏರುವ ಮುಂಚೆಯೇ ಕೊಯ್ದುಬಿಡುತ್ತಾರೆ. ಆದ್ದರಿಂದಲೇ ಆಲ್ಕೋಹಾಲ್ ಶೇ. 10-11ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಹುಳಿ ಚೂಪಾಗಿ ಉಳಿಯುತ್ತದೆ, ಆ ಹುಳಿಯೇ ವೈನನ್ನು ಹತ್ತಿಪ್ಪತ್ತು ವರ್ಷ ಕಾಯುತ್ತದೆ. ಮಣ್ಣಿನ ಪಾಲೂ ಇದೆ: ತೊರೆಗಳ ಬದಿಯ ಮರಳುಮಿಶ್ರಿತ ನೆಲ ಸೆಮಿಯಾನಿಗೆ, ಕೆಂಪು ಜೇಡಿ ಶಿರಾಜ್ ಎಂಬ ಕಪ್ಪು ದ್ರಾಕ್ಷಿಗೆ ಎಂದು ಅಲ್ಲಿನವರು ಬಹುಕಾಲದಿಂದ ಹಂಚಿಕೊಂಡಿದ್ದಾರೆ. ತಳಿ ಮಾತ್ರ ಫ್ರಾನ್ಸಿನದು. ಅಲ್ಲಿನ ಬೋರ್ಡೋ ಪ್ರದೇಶದಲ್ಲಿ ಇದನ್ನು ಸೋವಿನ್ಯೋನ್ ಬ್ಲಾಂಕ್ ಎಂಬ ಇನ್ನೊಂದು ಬಿಳಿ ದ್ರಾಕ್ಷಿಯ ಜೊತೆ ಬೆರೆಸುತ್ತಾರೆ. ಹಂಟರಿನಲ್ಲಿ ಒಂಟಿಯಾಗಿಯೇ ಬೆಳಗುವ ಈ ವೈನನ್ನು ಹಿಂದೆ ‘ಹಂಟರ್ ರಿವರ್ ರೀಸ್ಲಿಂಗ್’ ಎಂದು ಬೇರೊಂದು ದ್ರಾಕ್ಷಿಯ ತಪ್ಪು ಹೆಸರಿನಲ್ಲಿ ಮಾರುತ್ತಿದ್ದರು.

ರುಚಿ ನೋಡುವಾಗ ಮೊದಲ ತಪ್ಪು ವೈನನ್ನು ಅತಿಯಾಗಿ ತಣ್ಣಗೆ ಬಡಿಸುವುದು. ಫ್ರಿಜ್ಜಿನಿಂದ ತೆಗೆದು ಇಪ್ಪತ್ತು ನಿಮಿಷ ಬಿಟ್ಟು, 10-12 ಡಿಗ್ರಿಗೆ ಬಂದ ಮೇಲೆ ಸುರಿಯಿರಿ. ಎಳೆಯದರಲ್ಲಿ ನೀರಿನಂಥ ತಿಳಿ ಹಸಿರಿದ್ದ ಬಣ್ಣ ಈಗ ಹೊನ್ನಾಗಿರುತ್ತದೆ. ಲೋಟ ತಿರುಗಿಸುವ ಮೊದಲೊಮ್ಮೆ, ತಿರುಗಿಸಿ ಇನ್ನೊಮ್ಮೆ ಮೂಸಿ. ಜೇನಿನ ಘಮಕ್ಕೆ ಮೋಸಹೋಗಿ ಸಿಹಿಯನ್ನು ನಿರೀಕ್ಷಿಸಿದರೆ ನಾಲಿಗೆ ಬೆಚ್ಚುತ್ತದೆ: ವೈನ್ ಪೂರ್ತಿ ‘ಒಣ’, ಅಂದರೆ ಸಿಹಿಯಿಲ್ಲದ್ದು, ನಡುವೆ ನಿಂಬೆ ಸಿಪ್ಪೆಯ ಹುಳಿ. ನಮ್ಮ ಅಂಗಡಿಗಳ ಸಿಹಿಯಾದ ‘ಹೋಂಮೇಡ್’ ವೈನಿಗೆ ಒಗ್ಗಿದವರು ಎರಡನೆಯ ಗುಟುಕಿನವರೆಗೆ ತೀರ್ಪು ಕೊಡಬಾರದು. ಐದಾರು ವರ್ಷದ ಬಾಟಲಿಯನ್ನು ತೆರೆದು ನಿರಾಶರಾಗಲೂಬಾರದು. ಎಳೆತನದ ನಿಂಬೆ ಹೋಗಿ ಟೋಸ್ಟ್ ಇನ್ನೂ ಬಾರದ ಆ ನಡುಗಾಲದಲ್ಲಿ ಇದು ಹಲವೊಮ್ಮೆ ಮೂಕವಾಗಿರುತ್ತದೆ. ಊಟಕ್ಕೆ ಕಾಚಂಪುಳಿ ಹಾಕಿದ ಪಂದಿ ಕರಿ ಬೇಡ, ವೈನ್ ಸೋಲುತ್ತದೆ. ಹದವಾಗಿ ಹುರಿದ ಹೊಳೆಮೀನು ಸಾಕು.

ಬಾಟಲಿಗೆ ಕಾರ್ಕಿನ ಬದಲು ತಿರುಪು ಮುಚ್ಚಳ ಕಂಡು ಅಗ್ಗದ ಮಾಲೆಂದು ಮೂಗು ಮುರಿಯುವವರೂ ಇದ್ದಾರೆ. ಕಾರ್ಕಿನಿಂದ ವೈನಿಗೆ ಅಂಟುವ ಬೂಷ್ಟು ವಾಸನೆಗೆ ಕಾರಣವಾದ ಟಿಸಿಎ ಎಂಬ ವಸ್ತುವೇ ಕಾಫಿಯಲ್ಲಿ ಔಷಧಿಯಂಥ ವಾಸನೆಯ ‘ರಿಯೋ’ ದೋಷವಾಗಿಯೂ ಕಾಣಿಸಿಕೊಳ್ಳುತ್ತದೆ ಎಂದರೆ ತೋಟದವರು ಕೂಡಲೇ ಮುಚ್ಚಳದ ಪರ ವಹಿಸುತ್ತಾರೆ.