ಅಪ್ಪನ ಕೈ ನಡುಗುತ್ತಿದೆ, ಸ್ಮಾರ್ಟ್‌ವಾಚ್ ಕಟ್ಟಿದರೆ ಪಾರ್ಕಿನ್ಸನ್ ಗೊತ್ತಾಗುತ್ತಾ?

ಪ್ರಶ್ನೆ: ಅಪ್ಪನಿಗೆ 71 ವರ್ಷ. ಟಿವಿ ನೋಡುತ್ತಾ ಕೂತಾಗ ಬಲಗೈ ನಡುಗುತ್ತದೆ. ಪಾರ್ಕಿನ್ಸನ್ ಇರಬಹುದಾ ಅಂತ ಭಯ. ಸ್ಮಾರ್ಟ್‌ವಾಚ್ ತಂದು ಕಟ್ಟಿದರೆ ಗೊತ್ತಾಗುತ್ತಾ?

ಇಲ್ಲ. ಮೊದಲು ನರರೋಗ ತಜ್ಞರಿಗೆ ತೋರಿಸಿ. ವಾಚಿಗೂ ಕೆಲಸವಿದೆ, ಆದರೆ ಅದು ಕಾಯಿಲೆ ಖಚಿತವಾದ ಮೇಲೆ.

ಪಾರ್ಕಿನ್ಸನ್ ಅಂದರೆ ಮೈಯ ಚಲನೆ ನಿಧಾನವಾಗುತ್ತಾ ಹೋಗುವ ಮೆದುಳಿನ ಕಾಯಿಲೆ. ನಡುಕವೆಲ್ಲ ಪಾರ್ಕಿನ್ಸನ್ ಅಲ್ಲ. ಕಾಫಿ ಲೋಟ ಎತ್ತುವಾಗ, ಸಹಿ ಹಾಕುವಾಗ ಕೈ ನಡುಗಿದರೆ ಅದು ಹೆಚ್ಚಾಗಿ ಬೇರೆಯದೇ ತೊಂದರೆ. ಪಾರ್ಕಿನ್ಸನ್ ನಡುಕ ಕೈ ತೊಡೆಯ ಮೇಲೆ ಸುಮ್ನೆ ಇದ್ದಾಗ ಬರುತ್ತದೆ, ಸಾಮಾನ್ಯವಾಗಿ ಒಂದೇ ಕೈಯಲ್ಲಿ ಶುರುವಾಗುತ್ತದೆ. ಹೆಬ್ಬೆರಳು, ತೋರುಬೆರಳು ಜಪಮಣಿ ಎಣಿಸುವಂತೆ ಆಡುತ್ತವೆ. ಆದರೂ ಡಾಕ್ಟರು ನಡುಕಕ್ಕಿಂತ ಜಾಸ್ತಿ ಹುಡುಕುವುದು ನಿಧಾನವನ್ನು. ಬೆರಳು ತಟ್ಟಿಸುತ್ತಾರೆ, ನಡೆಸುತ್ತಾರೆ, ನಡೆಯುವಾಗ ಒಂದು ಕೈ ಬೀಸುವುದು ಕಡಿಮೆಯಾಗಿದೆಯಾ ನೋಡುತ್ತಾರೆ. ನಡುಕವೇ ಇಲ್ಲದ ಪಾರ್ಕಿನ್ಸನ್ ಕೂಡ ಇದೆ.

ವಾಚಿನೊಳಗೆ ಆಕ್ಸಿಲರೋಮೀಟರ್ ಅನ್ನುವ ಸಣ್ಣ ಚಿಪ್ ಇರುತ್ತದೆ. ಕೈ ಹೇಗೆ ಅಲುಗಿತು ಎಂದು ಅದು ಸೆಕೆಂಡಿಗೆ ಹತ್ತಾರು ಸಲ ಬರೆದಿಡುತ್ತದೆ. ಪಾರ್ಕಿನ್ಸನ್ ನಡುಕ ಸೆಕೆಂಡಿಗೆ ಸುಮಾರು 4ರಿಂದ 6 ಸಲ. ಹುಡುಕಬೇಕಾದ ತಾಳ ಅದು. ಫಜೀತಿ ಏನೆಂದರೆ, ಹಲ್ಲುಜ್ಜುವ ಕೈಯ ತಾಳವೂ ಅದರ ಹತ್ತಿರಕ್ಕೇ ಬರುತ್ತದೆ! ಎರಡನ್ನೂ ಬೇರೆ ಮಾಡಲು ವಿಶೇಷ ಸಾಫ್ಟ್‌ವೇರ್ ಬೇಕು. ಹೆಜ್ಜೆ ಎಣಿಸುವ ಅಗ್ಗದ ವಾಚಿನಿಂದ ಅದನ್ನು ನಿರೀಕ್ಷಿಸಬೇಡಿ.

ಹಾಗಾದರೆ ವಾಚು ಯಾಕೆ? ಮಾತ್ರೆಗಾಗಿ. ಈ ಕಾಯಿಲೆಯ ಮುಖ್ಯ ಔಷಧಿ ಲೆವೊಡೋಪಾ. (ನಮ್ಮ ನಸುಗುನ್ನಿ ಬೀಜದಲ್ಲೂ ಅದೇ ಇದೆ. ಹಾಗಂತ ಮನೆಯಲ್ಲೇ ಪುಡಿ ಮಾಡಿ ಕುಡಿಸಬೇಡಿ, ಎಷ್ಟು ಹೋಯಿತು ಅಂತ ಲೆಕ್ಕ ಸಿಗುವುದಿಲ್ಲ.) ಕೆಲವು ವರ್ಷ ಕಳೆದ ಮೇಲೆ ಒಂದೊಂದು ಮಾತ್ರೆಯ ಪ್ರಭಾವ ಬೇಗ ಇಳಿಯತೊಡಗುತ್ತದೆ. ಬೆಳಿಗ್ಗೆ 8ಕ್ಕೆ ನುಂಗಿದವರು 9ಕ್ಕೆ ಅಂಗಿ ಗುಂಡಿ ತಾವೇ ಹಾಕಿಕೊಳ್ಳುತ್ತಾರೆ, 12ಕ್ಕೆ ಕುರ್ಚಿಯಿಂದ ಏಳಲು ಒದ್ದಾಡುತ್ತಾರೆ. ಡಾಕ್ಟರು ನೋಡುವುದು ಮೂರು ತಿಂಗಳಿಗೊಮ್ಮೆ, ಹತ್ತು ನಿಮಿಷ. ಅದೂ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಹೊತ್ತಾಗಿದ್ದರೆ, ನಮ್ಮ ಹಿರಿಯರು "ಆರಾಮಿದೀನಿ ಸಾರ್" ಅಂದುಬಿಡುತ್ತಾರೆ ಅಲ್ವಾ?

ಆ ಉಳಿದ ಗಂಟೆಗಳನ್ನು ತೋರಿಸುವುದಕ್ಕೇ ಆಸ್ಟ್ರೇಲಿಯಾದಲ್ಲಿ ಪರ್ಸನಲ್ ಕೈನೆಟಿಗ್ರಾಫ್ ಎಂಬ ಸಾಧನ ಮಾಡಿದರು. ಒಂದು ವಾರದಷ್ಟು ಕಾಲ ಮಣಿಕಟ್ಟಿಗೆ ಕಟ್ಟಿರುವುದು. ಎರಡೆರಡು ನಿಮಿಷಕ್ಕೆ ನಿಧಾನ ಎಷ್ಟು, ಮಾತ್ರೆ ಹೆಚ್ಚಾಗಿ ಮೈ ತಾನಾಗೇ ಕುಣಿಯುವುದು ಎಷ್ಟು ಎಂದು ಅಂಕ ಹಾಕುತ್ತದೆ. ಮಾತ್ರೆ ಹೊತ್ತಿಗೆ ಗುಂಯ್ ಎಂದು ನೆನಪಿಸುತ್ತದೆ, ನುಂಗಿದ ಮೇಲೆ ಬೆರಳಿಂದ ಮುಟ್ಟಿದರೆ ಅದನ್ನೂ ಗುರುತು ಹಾಕಿಕೊಳ್ಳುತ್ತದೆ. ಆ ಗ್ರಾಫ್ ನೋಡಿದರೆ ಡೋಸ್ ಅರ್ಧ ಗಂಟೆ ಮೊದಲೇ ಕೊಡಬೇಕಾ, ಇನ್ನೊಂದು ಸೇರಿಸಬೇಕಾ ಎಂದು ಯೋಚಿಸಲು ಡಾಕ್ಟರಿಗೆ ಆಧಾರ ಸಿಗುತ್ತದೆ. ಆಪಲ್ ವಾಚ್‌ನಿಂದ ಇಂಥದೇ ಮಾಹಿತಿ ಸಂಗ್ರಹಿಸುವ ಸ್ಟ್ರೈವ್‌ಪಿಡಿ ಎಂಬ ಆ್ಯಪ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಅನುಮತಿ ಕೊಟ್ಟಿತು.

"ಏಳು ವರ್ಷ ಮೊದಲೇ ವಾಚು ಪಾರ್ಕಿನ್ಸನ್ ಹೇಳುತ್ತದೆ" ಎಂಬ ಸುದ್ದಿ ನೀವೂ ಓದಿರಬಹುದು. ಅದು ಬ್ರಿಟನ್ನಿನ ಅಧ್ಯಯನ, 2023ರಲ್ಲಿ ಬಂತು. ಒಂದು ಲಕ್ಷಕ್ಕೂ ಹೆಚ್ಚು ಜನ ಒಂದು ವಾರ ಕಟ್ಟಿದ್ದ ಸಾಧನದ ದಾಖಲೆ ನೋಡಿದರು. ಮುಂದೆ ಕಾಯಿಲೆ ಪತ್ತೆಯಾದವರ ಚಲನೆ ವರ್ಷಗಳ ಮೊದಲೇ ಕಡಿಮೆಯಾಗಿತ್ತು. ದೊಡ್ಡ ಗುಂಪಿನಲ್ಲಿ ಕಂಡ ಸುಳಿವು ಅದು. ನಿಮ್ಮ ಅಪ್ಪನ ನಡಿಗೆ ಮಂಡಿ ನೋವಿಗೂ ನಿಧಾನವಾಗಿರಬಹುದು.

ಸದ್ಯಕ್ಕೆ ಫೋನೇ ಸಾಕು. ಅಪ್ಪನ ಎರಡೂ ಕೈ ತೊಡೆ ಮೇಲೆ ಇಡಿಸಿ, 100ರಿಂದ ಹಿಂದಕ್ಕೆ ಎಣಿಸಲು ಹೇಳಿ, ಒಂದು ನಿಮಿಷ ವಿಡಿಯೋ ಮಾಡಿ. ಮನಸ್ಸು ಲೆಕ್ಕದಲ್ಲಿದ್ದಾಗ ಅಡಗಿದ್ದ ನಡುಕ ಹೊರಬರುತ್ತದೆ. ಆಮೇಲೆ ಹತ್ತು ಹೆಜ್ಜೆ ನಡೆಸಿ, ಎರಡೂ ಕೈ ಕಾಣುವಂತೆ. ಅದನ್ನು ಡಾಕ್ಟರಿಗೆ ತೋರಿಸಿ.

ಮುಂದೆ ಯಾವತ್ತಾದರೂ ಡಾಕ್ಟರೇ ವಾಚು ಕಟ್ಟಿ ಅಂದರೆ, ಜಾಸ್ತಿ ತೊಂದರೆ ಇರುವ ಕೈಗೆ ಕಟ್ಟಿ. ಬಕಲ್ ಬೇಡ, ನಡುಗುವ ಬೆರಳಿಗೆ ಅದು ಹಿಂಸೆ. ವೆಲ್ಕ್ರೋ ಪಟ್ಟಿ ಇರುವುದನ್ನೇ ಕೇಳಿ.